ಹಲ್ಲಿಯ ನಗು

ಚಿಂತಾಮಣಿ,
ಭಾನುವಾರ

ಚಿ. ಸೌ. ಶಾಲಿನಿಗೆ ನಿನ್ನ ಸೋದರಮಾವ ಮಾಡುವ ಅನೇಕ ಆಶೀರ್ವಾದಗಳು. ಇತ್ತ ನಾವೆಲ್ಲರೂ ಕ್ಷೇಮ. ಅಳಿಯಂದಿರು, ಮಕ್ಕಳು, ನಿನ್ನ ಅತ್ತೆಯವರು ಎಲ್ಲರೂ ಸೌಖ್ಯವಾಗಿದ್ದೀರೆಂದು ನಂಬಿದ್ದೇನೆ.

ನಿನ್ನ ಮಗಳು ಇಂಪನಾ ತನ್ನ ಎಂಟನೆಯ ಹುಟ್ಟುಹಬ್ಬಕ್ಕೆ ಸಾಕಲು ಹಲ್ಲಿಯನ್ನೋ ಆಮೆಯನ್ನೋ ಕೇಳಿದ್ದಾಳೆಂಬುದನ್ನು ಓದಿದೆ, ನೀನು ಕಳುಹಿಸಿದ ಮೂರು ಫೋಟೋಗಳನ್ನೂ ನೋಡಿದೆ. ಅವನ್ನು ನಿನ್ನ ಅಮ್ಮನಿಗೆ ತೋರಿಸದೆ ನೇರವಾಗಿ ನನಗೆ ಕಳುಹಿಸಿದ್ದು ಜಾಣತನವೇ ಸರಿ. ಗೋಡೆಯ ಮೇಲೆ ಹಲ್ಲಿ ಕಂಡರೆ ಇಡೀ ಕೋಣೆಯನ್ನೇ ಅದಕ್ಕೆ ಬಿಟ್ಟುಕೊಟ್ಟು ಹೊರಗೆ ಬರುವ ಅವಳು, ಮೊಮ್ಮಗಳ ಅಂಗೈ ಮೇಲೆ ಹಲ್ಲಿ ಕುಳಿತಿರುವುದನ್ನು ನೋಡಿದ್ದರೆ ಆ ದಿನದ ಅಡುಗೆ ಕೆಡುತ್ತಿತ್ತು. "ಇಷ್ಟು ವರ್ಷ ಪ್ರಾಣಿಶಾಸ್ತ್ರ ಪಾಠ ಮಾಡಿದವರು ನೀವು, ತರಲೋ ಬೇಡವೋ ಒಂದೇ ಮಾತಿನಲ್ಲಿ ಹೇಳಿಬಿಡಿ ಮಾವ" ಎಂದು ಬರೆದಿದ್ದೀಯೆ. ಒಂದೇ ಮಾತಿನಲ್ಲಿ ಮುಗಿಯುವ ವಿಷಯ ಇದಲ್ಲವಾದ್ದರಿಂದ ಈ ಕಾಗದ.

ಮೊದಲು ಒಪ್ಪಿಕೊಂಡುಬಿಡುತ್ತೇನೆ, ಮೊದಲ ಫೋಟೋದಲ್ಲಿರುವ, ಲೆಪರ್ಡ್ ಗೆಕ್ಕೊ ಎಂಬ ಆ ಚುಕ್ಕೆಯ ಹಲ್ಲಿ ಮುದ್ದಾಗಿಯೇ ಇದೆ. ನಾನು ಅಮೆರಿಕಕ್ಕೆ, ನಿಮ್ಮಲ್ಲಿಗೆ ಬಂದಿದ್ದಾಗ ನಿಮ್ಮ ಪರಿಚಿತರೊಬ್ಬರ ಮನೆಯಲ್ಲಿ ಅಂಥದ್ದೊಂದನ್ನು ನೋಡಿ, ಊಟಕ್ಕೆ ಕರೆಯುತ್ತಿದ್ದರೂ ಗಾಜಿನ ಪೆಟ್ಟಿಗೆಯ ಮುಂದಿನಿಂದ ಏಳದೆ ಕುಳಿತಿದ್ದೆ. ಅಫ್ಘಾನಿಸ್ತಾನ, ಪಾಕಿಸ್ತಾನ ಮತ್ತು ನಮ್ಮ ದೇಶದ ವಾಯವ್ಯ ಭಾಗದ ಒಣ ಕಲ್ಲುನೆಲದಲ್ಲಿ ಹುಟ್ಟಿ ಬೆಳೆದ ಕುಲ ಅದು. ನಮ್ಮ ಮನೆಯ ಹಲ್ಲಿಗೆ ಕಣ್ಣರೆಪ್ಪೆಯಿಲ್ಲ. ಅದು ಸದಾ ನಮ್ಮನ್ನು ದಿಟ್ಟಿಸುತ್ತಿರುವಂತೆ ಕಾಣುವುದೂ, ಹೆಂಗಸರು ಅದಕ್ಕೆ ಹೇಸುವುದೂ ಬಹುಶಃ ಅದರಿಂದಲೇ. ಈ ಗೆಕ್ಕೊಗೆ ರೆಪ್ಪೆಯಿದೆ, ಅದು ನಿಧಾನವಾಗಿ ಕಣ್ಣು ಮುಚ್ಚಿ ತೆರೆಯುತ್ತದೆ. ಬೆರಳುಗಳಲ್ಲಿ ಅಂಟಿಕೊಳ್ಳುವ ಪಟ್ಟಿಗಳಿಲ್ಲವಾದ್ದರಿಂದ ಗೋಡೆ ಹತ್ತಲಾರದೆ, ಹೊಟ್ಟೆಯನ್ನು ತುಸು ಎತ್ತಿಕೊಂಡು ನಾಯಿಮರಿಯ ಹಾಗೆ ನೆಲದ ಮೇಲೆ ನಡೆಯುತ್ತದೆ. ಕೊಬ್ಬು ಕೂಡಿಟ್ಟುಕೊಂಡ ದಪ್ಪ ಬಾಲ, ಹುಳು ಕಂಡೊಡನೆ ಅಲುಗತೊಡಗುವ ಆ ಬಾಲದ ತುದಿ, ಮಲವಿಸರ್ಜನೆಗೆಂದು ಪೆಟ್ಟಿಗೆಯ ಒಂದೇ ಮೂಲೆಗೆ ಹೋಗುವ ಶಿಸ್ತು, ಇವೆಲ್ಲಕ್ಕೂ ಮೇಲಾಗಿ ಬಾಯಿಯ ಎರಡೂ ತುದಿ ಮೇಲಕ್ಕೆ ಬಾಗಿ ಸದಾ ನಗುತ್ತಿರುವಂತೆ ಕಾಣುವ ಮುಖ. ಎಂಟು ವರ್ಷದ ಮಗು ಸೋತಿದ್ದರಲ್ಲಿ ಆಶ್ಚರ್ಯವೇನಿದೆ, ಅರವತ್ತೇಳರ ನಾನೇ ಸೋತಿದ್ದೆ.

ನಾವು ಹೀಗೆ ಸೋಲುವುದೇಕೆಂಬುದನ್ನು ಕೊನ್ರಾಡ್ ಲೊರೆಂಜ್ ಎಂಬ ಆಸ್ಟ್ರಿಯದ ವಿಜ್ಞಾನಿ 1943ರಲ್ಲಿಯೇ ವಿವರಿಸಿದ್ದಾರೆ. ದೊಡ್ಡ ತಲೆ, ದೊಡ್ಡ ಕಣ್ಣು, ದುಂಡು ಕೆನ್ನೆ, ತಪ್ಪುಹೆಜ್ಜೆಯ ನಡಿಗೆ ಇವು ಎಲ್ಲಿ ಕಂಡರೂ ನಮ್ಮ ಮನಸ್ಸು ಅಲ್ಲೊಂದು ಹಸುಗೂಸನ್ನು ಕಾಣುತ್ತದೆ ಮತ್ತು ಎತ್ತಿಕೊಳ್ಳಲು ಕೈ ತಾನಾಗಿ ಮುಂದಾಗುತ್ತದೆ. ಆದರೆ ಗೆಕ್ಕೊದ ನಗು ದವಡೆಯ ಎಲುಬಿನ ಆಕಾರವಷ್ಟೇ. ಅದಕ್ಕೆ ಕಾಯಿಲೆ ಬಂದರೂ, ಹಸಿವಾದರೂ, ಸಾಯುತ್ತಿದ್ದರೂ ಅದೇ ನಗು. ನಾನು ನಿನಗೆ ಹೇಳಬೇಕೆಂದಿರುವುದು ಬಹುತೇಕ ಇಷ್ಟೇ. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲವಾದ್ದರಿಂದ ಮನೆಯ ಹಳೆಯ ಕಥೆಯೊಂದನ್ನು ಹೇಳಬೇಕಾಗಿದೆ.

1968ರಲ್ಲಿ, ನನಗಾಗ ಹತ್ತು ವರ್ಷ, ಗುಡ್ಡದ ಕಡೆ ಕುರಿ ಮೇಯಿಸುವ ಹುಡುಗನೊಬ್ಬನಿಗೆ ನಾಲ್ಕಾಣೆ ಕೊಟ್ಟು ಒಂದು ನಕ್ಷತ್ರ ಆಮೆಯನ್ನು ಮನೆಗೆ ತಂದೆ. ಕಪ್ಪು ಚಿಪ್ಪಿನ ಒಂದೊಂದು ಗುಬುಟಿನಿಂದಲೂ ಹಳದಿ ಗೆರೆಗಳು ಕಿರಣಗಳಂತೆ ಹೊರಡುವ ಆ ಆಮೆ ನಮ್ಮ ಈ ಒಣ ಸೀಮೆಯದೇ. ಹಿತ್ತಲಿಗೆ ಕಲ್ಲಿನ ಗೋಡೆಯಿತ್ತು, ನಡುವೆ ತುಳಸಿಕಟ್ಟೆಯಿತ್ತು. ನಾನು ಅದಕ್ಕೆ ಅನ್ನ, ಮೊಸರನ್ನ, ಉಳಿದ ದೋಸೆ ಎಲ್ಲವನ್ನೂ ತಿನ್ನಿಸಿದೆ, ಅದು ತಿಂದಿತು. ಮಳೆಗಾಲ ಬಂದಾಗ ಅದಕ್ಕೆ ಎಲ್ಲಿಲ್ಲದ ಹುರುಪು ಬಂದು, ಬೆಳಗಿನಿಂದ ಸಂಜೆಯವರೆಗೆ ಗೋಡೆಯ ಬುಡಕ್ಕೇ ಒತ್ತಿಕೊಂಡು ಹಿತ್ತಲನ್ನು ಸುತ್ತತೊಡಗಿತು. "ಸಾಕ್ಷಾತ್ ಕೂರ್ಮಾವತಾರ ಕಣೋ, ತುಳಸಮ್ಮನಿಗೆ ಪ್ರದಕ್ಷಿಣೆ ಹಾಕ್ತಾ ಇದೆ" ಎಂದು ನಿನ್ನ ಮುತ್ತಜ್ಜಿ ಕೈಮುಗಿದರು. ಅಕ್ಕಪಕ್ಕದವರು ಬಂದು ನೋಡಿಕೊಂಡು ಹೋದರು, ಒಬ್ಬರು ಅದಕ್ಕೆ ಕುಂಕುಮವನ್ನೂ ಇಟ್ಟರು. ಗೋಡೆಯ ಬುಡದಲ್ಲಿ ಒಂದು ಗೇಣಗಲದ ದಾರಿ ಸವೆದು ನುಣುಪಾಗಿತ್ತು. ಬಾವಿಯ ಪಕ್ಕದ ಮೂಲೆಯಲ್ಲಿ ಮಾತ್ರ, ಅದು ಮುಂಗಾಲು ಎತ್ತಿ ನಿಲ್ಲಬಹುದಾದಷ್ಟು ಎತ್ತರಕ್ಕೆ, ಕಲ್ಲಿನ ಮೇಲೆ ಉಗುರಿನ ಬಿಳಿ ಗೀರುಗಳು ತುಂಬಿದ್ದವು. ಆ ಗೀರುಗಳನ್ನು ನಾನು ದಿನಾ ನೋಡುತ್ತಿದ್ದೆ. ಅದು ಪ್ರದಕ್ಷಿಣೆಯಲ್ಲ, ಹೊರಬೀಳಲು ದಾರಿ ಹುಡುಕುತ್ತಿದೆ ಎಂದು ನನಗೆ ಹೊಳೆದದ್ದು ಬಿ.ಎಸ್ಸಿ. ಓದುವಾಗ, ಅಂದರೆ ಆಮೆ ಸತ್ತು ಎಷ್ಟೋ ವರ್ಷಗಳ ಮೇಲೆ. ಎರಡನೆಯ ವರ್ಷ ಅದರ ಚಿಪ್ಪು ಹೆಬ್ಬೆರಳಿನಿಂದ ಒತ್ತಿದರೆ ತಗ್ಗುವಷ್ಟು ಮೆತ್ತಗಾಗಿತ್ತು. ಹುಲ್ಲು, ಸೊಪ್ಪು ತಿಂದು ಬದುಕಬೇಕಾದ ಪ್ರಾಣಿಗೆ ಮೊಸರನ್ನ ಹಾಕಿ ಕೊಂದವನು ನಾನು, ಅದೂ ಬಹಳ ಪ್ರೀತಿಯಿಂದ.

ಆದ್ದರಿಂದ ಮೂರನೆಯ ಫೋಟೋದಲ್ಲಿರುವ, ಸರೀಸೃಪಗಳ ಮೇಳದಲ್ಲಿ ಇಂಪನಾ ಮುಟ್ಟಿ ನೋಡಿದ "ನಮ್ಮೂರಿನ ಆಮೆ"ಯನ್ನು ದಯವಿಟ್ಟು ಮನಸ್ಸಿನಿಂದ ತೆಗೆದುಹಾಕು. ಅದೇ ನಕ್ಷತ್ರ ಆಮೆ ಅದು. ಇಲ್ಲಿ ಅದನ್ನು ಹಿಡಿಯುವುದೂ ಮನೆಯಲ್ಲಿ ಇಟ್ಟುಕೊಳ್ಳುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. 2019ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರದ ವಿಷಯದಲ್ಲೂ ಅದನ್ನು ಅತ್ಯಂತ ಕಟ್ಟುನಿಟ್ಟಿನ ಪಟ್ಟಿಗೆ ಸೇರಿಸಿದ್ದಾರೆ. ಆದರೂ ಸೂಟ್‌ಕೇಸುಗಳಲ್ಲಿ ಬಟ್ಟೆಯ ನಡುವೆ ಸುತ್ತಿ ಸಾಗಿಸುವುದು ನಿಂತಿಲ್ಲ. ಹಾಗೆ ಹೋಗಿ ಸಿಂಗಪುರದಲ್ಲಿ ಸಿಕ್ಕಿಬಿದ್ದ 51 ಆಮೆಗಳನ್ನು 2018ರಲ್ಲಿ ವಿಮಾನದಲ್ಲಿ ಬೆಂಗಳೂರಿಗೆ ವಾಪಸು ತಂದದ್ದು ಪತ್ರಿಕೆಯಲ್ಲಿ ಬಂದಿತ್ತು. ಅಲ್ಲಿ ಮಾರುವವನು ಇದು ಅಮೆರಿಕದಲ್ಲಿಯೇ ಹುಟ್ಟಿದ ಮರಿ ಎಂದು ಹೇಳಬಹುದು, ಅದು ನಿಜವೂ ಇರಬಹುದು. ಆದರೆ ಪಕ್ಕದ ಅಂಗಡಿಯವನನ್ನು ಕೇಳಿ ಖಚಿತಪಡಿಸಿಕೊಂಡೆ ಎಂದು ನೀನು ಬರೆದಿರುವುದು ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ ಎಂಬಂತಾಯಿತು.

ಎರಡನೆಯ ಫೋಟೋದ ಕೆಂಪು ಕಿವಿಯ ನೀರಾಮೆ ಮರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಂದು ಅದು ನಾಣ್ಯದಷ್ಟಿದೆ. ನಾಳೆ ಊಟದ ತಟ್ಟೆಯಷ್ಟಾಗುತ್ತದೆ, ಮೂವತ್ತು ವರ್ಷ ಬದುಕಿದರೂ ಬದುಕೀತು. ಚಿಪ್ಪು 4 ಇಂಚಿಗಿಂತ ಚಿಕ್ಕದಾಗಿರುವ ಆಮೆಗಳ ಮಾರಾಟವನ್ನು ನಿಮ್ಮ ಸರ್ಕಾರ 1975ರಲ್ಲೇ ನಿಷೇಧಿಸಿದೆ, ಏಕೆಂದರೆ ಮಕ್ಕಳು ಅವನ್ನು ಬಾಯಿಗಿಟ್ಟುಕೊಂಡು ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಸೋಂಕಿಗೆ ತುತ್ತಾಗುತ್ತಿದ್ದರು. ನಿಷೇಧದ ಮೇಲೂ ಅದನ್ನು ಮಾರುತ್ತಿದ್ದಾನೆಂದರೆ ಆ ಅಂಗಡಿಯಿಂದ ಬೇರೇನನ್ನೂ ಕೊಳ್ಳಬೇಡ.

ಇನ್ನು ಗೆಕ್ಕೊ. ಇದರ ವಿಷಯದಲ್ಲಿ ನಾನು ಬೇಡವೆನ್ನುತ್ತಿಲ್ಲ. ಹಲವು ದಶಕಗಳಿಂದ ಮನುಷ್ಯರ ಕೈಯಲ್ಲೇ ಮೊಟ್ಟೆಯೊಡೆದು ಬೆಳೆದುಕೊಂಡು ಬಂದಿರುವ, ಚಿಕ್ಕದಾಗಿಯೇ ಉಳಿಯುವ, ಒಂಟಿಯಾಗಿರಲು ಬೇಸರಿಸದ ಪ್ರಾಣಿಯಾದ್ದರಿಂದ ಸಾಕಬಹುದಾದ ಸರೀಸೃಪಗಳಲ್ಲಿ ಇದು ತಕ್ಕಮಟ್ಟಿಗೆ ನ್ಯಾಯವಾದ ಆಯ್ಕೆ. ಆದರೆ ಲೆಕ್ಕವೊಂದನ್ನು ನೀನೇ ಹಾಕು. ಚೆನ್ನಾಗಿ ನೋಡಿಕೊಂಡರೆ ಅದು ಹದಿನೈದು, ಇಪ್ಪತ್ತು ವರ್ಷ ಬಾಳುತ್ತದೆ. ಇಂಪನಾ ಕಾಲೇಜು ಸೇರಿ ಬೇರೆ ಊರಿಗೆ ಹೊರಟಾಗಲೂ ಅದು ನಿನ್ನ ಮನೆಯ ಮೂಲೆಯಲ್ಲಿ ನಗುತ್ತಲೇ ಇರುತ್ತದೆ. ಹಾಗಾಗಿ ಮಗಳಿಗೆ ಬೇಕೇ ಎಂಬುದಕ್ಕಿಂತ ನಿನಗೆ ಬೇಕೇ ಎಂಬುದು ಮುಖ್ಯ. ಹುಟ್ಟುಹಬ್ಬ ಅವಳದಾದರೂ ಉಡುಗೊರೆ ಬರುವುದು ನಿನ್ನ ಪಾಲಿಗೆ.

ಎರಡನೆಯದು ಅದರ ಊಟ. ನಮ್ಮಂಥ ಸಸ್ಯಾಹಾರಿ ಮನೆಗಳಲ್ಲಿ ಈ ಮಾತನ್ನು ಯಾರೂ ಮುಂಚಿತವಾಗಿ ಯೋಚಿಸುವುದಿಲ್ಲ. ಗೆಕ್ಕೊ ಸೊಪ್ಪು ತಿನ್ನುವುದಿಲ್ಲ, ಹಣ್ಣು ತಿನ್ನುವುದಿಲ್ಲ, ಜೀವಂತ ಹುಳುಗಳನ್ನೇ ತಿನ್ನುತ್ತದೆ. ಮೀಲ್‌ವರ್ಮ್ ಎಂಬ ಹುಳುಗಳು ಬೇಗ ಬೆಳೆದು ದುಂಬಿಯಾಗದಿರಲೆಂದು ಅವನ್ನು ಫ್ರಿಜ್ಜಿನಲ್ಲಿಡುತ್ತಾರೆ. ನಾನು ಹೇಳಿದ ಪರಿಚಿತರ ಮನೆಯಲ್ಲಿ ಅವು ದೋಸೆ ಹಿಟ್ಟಿನ ಡಬ್ಬಿಯ ಪಕ್ಕದಲ್ಲಿ, ತವುಡಿನಲ್ಲಿ ಮಲಗಿದ್ದವು. ಕ್ರಿಕೆಟ್ ಎಂದು ನೀವು ಕರೆಯುವ ಹುಳುಗಳಂತೂ (ಹೆಸರು ಕೇಳಿ ಅಳಿಯಂದಿರು ಉತ್ಸಾಹ ತಾಳುವುದು ಬೇಡ) ರಾತ್ರಿಯಿಡೀ ಡಬ್ಬಿಯೊಳಗೆ ಕಿರ್ರೆನ್ನುತ್ತವೆ. ಅವುಗಳಿಗೂ ಹಿಂದಿನ ದಿನ ಒಳ್ಳೆಯ ಊಟ ಹಾಕಿ, ಮೇಲೆ ಕ್ಯಾಲ್ಸಿಯಂ ಪುಡಿ ಉದುರಿಸಿ ಕೊಡಬೇಕು. ಆ ಪುಡಿಯೂ ಡಿ3 ಜೀವಸತ್ವವೂ ತಪ್ಪಿದರೆ ಎಲುಬು ಮೆತ್ತಗಾಗಿ ಕಾಲುಗಳು ಸೊಟ್ಟಗಾಗುತ್ತವೆ. ನನ್ನ ಆಮೆಯ ಕಥೆಯೇ ಮತ್ತೆ. ನಿನ್ನ ಅತ್ತೆಯವರ ಒಪ್ಪಿಗೆಯನ್ನು ಪ್ರಾಣಿಗೆ ಮಾತ್ರವಲ್ಲದೆ ಫ್ರಿಜ್ಜಿನ ಆ ಡಬ್ಬಿಗೂ ಸೇರಿಸಿಯೇ ಪಡೆದುಕೋ. ಅವರು ಬೇಡವೆಂದರೆ ಅದನ್ನು ಹಠವೆಂದು ತಿಳಿಯಬೇಡ.

ಅವರ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ನೋಡಲು ಆರೋಗ್ಯವಾಗಿರುವ ಸರೀಸೃಪದ ಮೈಮೇಲೂ ಸಾಲ್ಮೊನೆಲ್ಲಾ ಇರಬಹುದು. ಐದು ವರ್ಷದೊಳಗಿನ ಮಕ್ಕಳು ಮತ್ತು ಅರವತ್ತೈದು ದಾಟಿದವರು ಇರುವ ಮನೆಯಲ್ಲಿ ಎಚ್ಚರ ಬೇಕೆಂದು ನಿಮ್ಮಲ್ಲಿನ ಆರೋಗ್ಯ ಇಲಾಖೆಯವರೇ ಹೇಳುತ್ತಾರೆ, ನಿನ್ನ ಮನೆಯಲ್ಲಿ ಎರಡು ವರ್ಷದ ಪುಟ್ಟನೂ ಇದ್ದಾನೆ, ಎಪ್ಪತ್ತರ ಅತ್ತೆಯವರೂ ಇದ್ದಾರೆ. ಪುಟ್ಟನಿಗೆ ಐದು ತುಂಬುವವರೆಗೆ ಕಾಯುವುದು ಸಾಧ್ಯವಾದರೆ ಅದಕ್ಕಿಂತ ಉತ್ತಮವಾದದ್ದಿಲ್ಲ. ಕಾಯಲಾರೆವೆಂದಾದರೆ, ಅದರ ಪೆಟ್ಟಿಗೆಯನ್ನಾಗಲಿ ನೀರಿನ ಬಟ್ಟಲನ್ನಾಗಲಿ ಅಡುಗೆಮನೆಯ ಸಿಂಕಿನಲ್ಲಿ ತೊಳೆಯಕೂಡದು, ಮುಟ್ಟಿದವರು ಸೋಪು ಹಾಕಿ ಕೈ ತೊಳೆಯದೆ ಬೇರೇನನ್ನೂ ಮುಟ್ಟಕೂಡದು, ಮುತ್ತಿಡುವುದಂತೂ ಕೂಡದು. ಹಲ್ಲಿ ಮೈಮೇಲೆ ಬಿದ್ದರೆ ತಲೆಗೆ ಸ್ನಾನ ಮಾಡಿಸಿ, ಪಂಚಾಂಗ ತೆಗೆದು ಯಾವ ಅಂಗಕ್ಕೆ ಯಾವ ಫಲವೆಂದು ಓದುತ್ತಿದ್ದ ನಿನ್ನ ಮುತ್ತಜ್ಜಿಯ ಫಲಗಳನ್ನು ನಾನು ನಂಬುವುದಿಲ್ಲ, ಸ್ನಾನವನ್ನು ಮಾತ್ರ ಈಗ ಒಪ್ಪುತ್ತೇನೆ.

ಮೂರನೆಯದು ಶಾಖ. ನಮ್ಮ ಮೈ ತನ್ನ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಅದರ ಮೈಗೆ ಹೊರಗಿನಿಂದ ಬರಬೇಕು. ಪೆಟ್ಟಿಗೆಯ ಒಂದು ತುದಿ 32 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರಬೇಕು, ಇನ್ನೊಂದು ತುದಿ 25ರಷ್ಟು ತಂಪಾಗಿರಬೇಕು, ತನಗೆ ಬೇಕಾದ ಕಡೆಗೆ ಅದು ತಾನೇ ಸರಿದುಕೊಳ್ಳುತ್ತದೆ. ಎರಡೂ ಕಡೆ ಅಡಗಿಕೊಳ್ಳಲು ಒಂದೊಂದು ಗೂಡು, ಪೊರೆ ಬಿಡುವಾಗ ಬೇಕಾಗುವ ತೇವದ ಗೂಡು ಮತ್ತೊಂದು. ಹೊಟ್ಟೆಗೆ ತಿಂದದ್ದು ಅರಗುವುದೂ ಈ ಶಾಖದಿಂದಲೇ. 2021ರ ಫೆಬ್ರವರಿಯಲ್ಲಿ ಟೆಕ್ಸಸ್ ಹೆಪ್ಪುಗಟ್ಟಿ ದಿನಗಟ್ಟಲೆ ಕರೆಂಟ್ ಹೋದಾಗ ನೀವು ಇಂಪನಾಳಿಗೆ ಮೂರು ಕಂಬಳಿ ಸುತ್ತಿ ಮಲಗಿಸಿದ್ದನ್ನು ನೆನಪಿಸಿಕೋ. ಗೆಕ್ಕೊಗೆ ಕಂಬಳಿ ಸುತ್ತಿದರೆ ತಣ್ಣನೆಯ ಕಲ್ಲಿಗೆ ಸುತ್ತಿದಂತೆಯೇ.

ಬಣ್ಣದ ಬಗ್ಗೆಯೂ ಒಂದು ಮಾತು. ಬೆಲೆ ಹೆಚ್ಚಿದ ಬಣ್ಣದ ತಳಿಗಳಿಗೆ ಮರುಳಾಗಬೇಡ. ಲೆಮನ್ ಫ್ರಾಸ್ಟ್ ಎಂಬ ನಿಂಬೆ ಹಳದಿಯ ತಳಿಯಲ್ಲಿ ಆ ಹೊಳಪು ಕೊಡುವ ಜೀನೇ ಚರ್ಮದ ಗಡ್ಡೆಗಳನ್ನೂ ಹುಟ್ಟಿಸುತ್ತದೆಂದು 2021ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಕಂಡುಕೊಂಡರು. ಎನಿಗ್ಮಾ ಎಂಬ ಇನ್ನೊಂದು ತಳಿಯಲ್ಲಿ ನರದೋಷವಿದ್ದು, ಪ್ರಾಣಿ ತಲೆ ವಾಲಿಸಿಕೊಂಡು ನಿಂತಲ್ಲೇ ಸುತ್ತುತ್ತದೆ. ಅದನ್ನು ನೋಡಿ ಕುಣಿಯುತ್ತಿದೆ ಎಂದು ಮಕ್ಕಳು ಚಪ್ಪಾಳೆ ತಟ್ಟುತ್ತಾರಂತೆ. ಓದಿದಾಗ ನನಗೆ ನಮ್ಮ ಹಿತ್ತಲು ನೆನಪಾಯಿತು. ತರುವುದಾದರೆ, ಯಾರೋ ತಂದು ಬೇಸರವಾಗಿ ಬಿಟ್ಟುಹೋದ ಸಾಧಾರಣ ಚುಕ್ಕೆಯ ಗೆಕ್ಕೊ ಯಾವುದಾದರೂ ಆಶ್ರಯಕೇಂದ್ರದಲ್ಲಿ ಸಿಗುತ್ತದೆಯೇ ವಿಚಾರಿಸು. ಸರೀಸೃಪಗಳನ್ನು ಬಲ್ಲ ಪಶುವೈದ್ಯರು ಹತ್ತಿರದಲ್ಲಿ ಎಲ್ಲಿದ್ದಾರೆಂಬುದನ್ನು ಅದಕ್ಕೂ ಮೊದಲೇ ತಿಳಿದುಕೋ.

ಅದು ಇಂಪನಾಳನ್ನು ಪ್ರೀತಿಸುತ್ತದೆಯೇ ಎಂದು ಅವಳು ಕೇಳಿದಳಂತೆ. ಸುಳ್ಳು ಹೇಳಬೇಡ. ಅವಳ ಕೈಯ ಬಿಸಿಗೆ, ವಾಸನೆಗೆ ಅದು ಒಗ್ಗಿಕೊಳ್ಳುತ್ತದೆ, ಹೆದರದೆ ಅಂಗೈಗೆ ಬರುತ್ತದೆ. ನಾಯಿಯಂತೆ ಬಾಗಿಲಲ್ಲಿ ಕಾಯುವುದಿಲ್ಲ. ಬಾಲ ಹಿಡಿದು ಹೆದರಿಸಿದರೆ ಬಾಲವನ್ನೇ ಬಿಟ್ಟು ಓಡುತ್ತದೆ. ನಮ್ಮ ಹಂಗಿಲ್ಲದ ಒಂದು ಜೀವ ತನ್ನ ಪಾಡಿಗೆ ತಾನು ಬದುಕುವುದನ್ನು ಹತ್ತಿರದಿಂದ ನೋಡುವ ಸುಖ ಅದರಿಂದ ಸಿಗುತ್ತದೆ, ಆ ಸುಖ ಚಿಕ್ಕದೇನಲ್ಲ. ನಾನು ಅಂದು ಊಟ ಬಿಟ್ಟು ಕುಳಿತಿದ್ದು ಅದಕ್ಕೇ.

ಈಗ ನೀನು ಮಾಡಬೇಕಾದದ್ದು ಇಷ್ಟು. ಪೆಟ್ಟಿಗೆ, ದೀಪ, ಉಷ್ಣಮಾಪಕ, ಗೂಡು ಎಲ್ಲವನ್ನೂ ತಂದು, ಪ್ರಾಣಿಯನ್ನು ಮಾತ್ರ ತಾರದೆ, ಒಂದು ತಿಂಗಳು ಖಾಲಿ ಪೆಟ್ಟಿಗೆಯನ್ನೇ ಸಾಕಿರಿ. ದಿನಕ್ಕೆರಡು ಬಾರಿ ಶಾಖ ನೋಡಿ ಬರೆದಿಡುವ ಕೆಲಸ ಇಂಪನಾಳದು. ಎಷ್ಟನೆಯ ದಿನಕ್ಕೆ ಅದು ನಿನ್ನ ಕೆಲಸವಾಗುತ್ತದೆಂಬುದನ್ನೂ ಗುರುತು ಹಾಕಿಕೋ. ಜೊತೆಗೆ, ನಿಮ್ಮ ಮುಂಬಾಗಿಲ ದೀಪದ ಬಳಿ ರಾತ್ರಿ ಹೊತ್ತು ಎರಡು ಮೂರು ಹಲ್ಲಿಗಳು ಹುಳು ಹಿಡಿಯುವುದನ್ನು ನಾನು ನೋಡಿದ್ದೇನೆ. ಅವೂ ಮೆಡಿಟರೇನಿಯನ್ ಕಡೆಯಿಂದ ಬಂದು ನೆಲೆಸಿದ ವಲಸಿಗರೇ. ಪ್ರತಿ ರಾತ್ರಿ ಹತ್ತು ನಿಮಿಷ ಅಲ್ಲಿ ಕುಳಿತು, ಯಾವುದು ಎಲ್ಲಿಂದ ಬಂತು, ಏನು ತಿಂದಿತು ಎಂದು ಕನ್ನಡದಲ್ಲಿ ಬರೆದು ನನಗೆ ಕಳುಹಿಸಲು ಅವಳಿಗೆ ಹೇಳು. ತಪ್ಪು ತಿದ್ದಿ ವಾಪಸು ಕಳುಹಿಸುತ್ತೇನೆ.

ನಿನ್ನ ಅಮ್ಮನಿಗೆ ವಿಷಯವನ್ನು ನಾನೇ ಸಮಯ ನೋಡಿ ತಿಳಿಸುತ್ತೇನೆ, ಅಲ್ಲಿಯವರೆಗೆ ಫೋಟೋಗಳನ್ನು ಸ್ಟೇಟಸ್ಸಿಗೆ ಹಾಕಬೇಡ. ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಸೋದರಮಾವ