ಎಬಿಜಿ ಮಿಷನ್‌ಗೆ ಕಾರ್ಟ್ರಿಡ್ಜ್ ಕೊಡಿಸಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ.

ನಮ್ಮ ತಾಲ್ಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ತಾವೇ ಅಧ್ಯಕ್ಷರು. ಅದಕ್ಕೇ ಈ ಪತ್ರ ತಮಗೆ. ಎರಡು ವರ್ಷದಲ್ಲಿ ನಾಲ್ಕು ಮನವಿ ಕೊಟ್ಟಿದ್ದೇನೆ. ನಾಲ್ಕಕ್ಕೂ ಸೀಲು ಬಿದ್ದಿದೆ. ಕೆಲಸ ಮಾತ್ರ ಆಗಿಲ್ಲ.

ನಾನು ಕೇಳುತ್ತಿರುವುದು ಇಷ್ಟೇ. ತುರ್ತು ವಿಭಾಗದ ಎಬಿಜಿ ಮಿಷನ್‌ಗೆ, ಅಂದರೆ ರಕ್ತದಲ್ಲಿ ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಎಷ್ಟಿದೆ ಅಂತ ಅಳೆಯುವ ಯಂತ್ರಕ್ಕೆ, ಪರೀಕ್ಷೆಗೆ ಹಾಕುವ ಕಾರ್ಟ್ರಿಡ್ಜ್ ಕೊಡಿಸಿ. ರಾತ್ರಿಯೂ ಅದನ್ನು ನಡೆಸುವವರನ್ನು ಹಾಕಿಸಿ.

ಎರಡು ವರ್ಷದ ಹಿಂದೆ, ಶ್ರಾವಣದ ಮಳೆಯಲ್ಲಿ ಅಪ್ಪನಿಗೆ ನ್ಯುಮೋನಿಯಾ ಆಯಿತು. ನಲವತ್ತು ವರ್ಷ ಬೀಡಿ ಸೇದಿದ ಎದೆ ಅದು. ಮಧ್ಯಾಹ್ನ ಅಡ್ಮಿಟ್ ಮಾಡಿದೆವು. ರಕ್ತ ಪರೀಕ್ಷೆಯಲ್ಲಿ ಸಿಆರ್‌ಪಿ 180 ಬಂತು. ಕೋವಿಡ್ ಬಂದ ಮೇಲೆ ಸಿಆರ್‌ಪಿ ಅಂದರೆ ನಮ್ಮಂಥವರಿಗೂ ಗೊತ್ತು, ಗಾಬರಿಯಾಯಿತು. ಆದರೆ ಸೋಂಕಿಗೆ ಮೈಯೊಳಗೆ ಉರಿಯೂತ ಜೋರಾಗಿದೆ ಅಂತ ಸಿಆರ್‌ಪಿ ಹೇಳುತ್ತದೆ, ಅಷ್ಟೇ. ಉಸಿರಾಟ ಸೋಲುತ್ತಿದೆಯಾ ಅನ್ನೋದು ಅದರಲ್ಲಿ ಗೊತ್ತಾಗುವುದಿಲ್ಲ. ಅದಕ್ಕೆ ಎಬಿಜಿಯೇ ಬೇಕು.

ಆಕ್ಸಿಜನ್ ಹಾಕಿದ ಮೇಲೆ, ಆಮ್ಲಜನಕ ಅಳೆಯುವ ಬೆರಳಿನ ಮಿಷನ್ 95 ತೋರಿಸಿತು. ರಾತ್ರಿ ಎರಡರ ಹೊತ್ತಿಗೆ ಅಪ್ಪ ಏದುಸಿರು ಬಿಡುವುದು ಕಡಿಮೆಯಾಗಿ ಸುಮ್ಮನಾದರು. ಸದ್ಯ ನಿದ್ದೆ ಹತ್ತಿತು ಅಂದುಕೊಂಡು ನಾನೇ ಹೊದಿಕೆ ಸರಿಮಾಡಿದೆ. ಅದು ನಿದ್ದೆ ಆಗಿರಲಿಲ್ಲ ಸಾರ್. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಕವಿಯುತ್ತಿತ್ತು. ಹಳೇ ದಮ್ಮಿನವರಿಗೆ ಆಕ್ಸಿಜನ್ ಜಾಸ್ತಿಯಾದರೂ ಹೀಗಾಗುತ್ತದಂತೆ. ಬೆರಳಿನ ಮಿಷನ್‌ಗೆ ಇದು ಕಾಣುವುದೇ ಇಲ್ಲ.

ಡ್ಯೂಟಿ ಡಾಕ್ಟರಿಗೆ ಅನುಮಾನ ಬಂತು. ಮಣಿಕಟ್ಟಿನ ರಕ್ತನಾಳದಿಂದ ಸಿರಿಂಜಿಗೆ ರಕ್ತ ಎಳೆದರು. ಲಸಿಕೆ ಡಬ್ಬಿಯ ಐಸ್ ಪ್ಯಾಕ್ ನಡುವೆ ಅದನ್ನಿಟ್ಟು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಒಂಬತ್ತು ಕಿಲೋಮೀಟರ್ ಆಚೆಯ ಖಾಸಗಿ ಲ್ಯಾಬಿಗೆ ಸ್ಕೂಟಿಯಲ್ಲಿ ಹೋದೆ. ಜೋರು ಮಳೆ. ಒಂದು ಕೈ ಹ್ಯಾಂಡಲ್ ಮೇಲೆ, ಇನ್ನೊಂದು ಕೈಯಲ್ಲಿ ಅಪ್ಪನ ರಕ್ತ. ಶಟರ್ ಬಡಿದು ಎಬ್ಬಿಸುವಷ್ಟರಲ್ಲಿ ಒಂದು ಗಂಟೆ ದಾಟಿತ್ತು. "ಲೇಟಾಯ್ತಲ್ಲಮ್ಮ, ಈ ರಿಪೋರ್ಟ್ ನಂಬೋ ಹಾಗಿಲ್ಲ" ಅಂದ ಲ್ಯಾಬಿನ ಹುಡುಗ. ಹೊರಗೆ ತೆಗೆದ ರಕ್ತದಲ್ಲೂ ಕಣಗಳು ಆಮ್ಲಜನಕ ಬಳಸುತ್ತಲೇ ಇರುತ್ತವೆ. ಅರ್ಧ ಗಂಟೆಯೊಳಗೆ ನೋಡಬೇಕಾದ ಪರೀಕ್ಷೆ ಅದು.

ಬೆಳಗಿನ ಜಾವ ಜಿಲ್ಲಾಸ್ಪತ್ರೆಗೆ ಹೋದೆವು. ಅಲ್ಲಿ ಕೆಲವೇ ನಿಮಿಷದಲ್ಲಿ ಗೊತ್ತಾಯಿತು: 35ರಿಂದ 45ರೊಳಗೆ ಇರಬೇಕಾದ ಇಂಗಾಲದ ಡೈಆಕ್ಸೈಡ್ 84 ಇತ್ತು. ಒತ್ತಡದಲ್ಲಿ ಗಾಳಿ ಕೊಟ್ಟು ಉಸಿರಾಟಕ್ಕೆ ನೆರವಾಗುವ ಬೈಪ್ಯಾಪ್ ಮಾಸ್ಕ್ ಹಾಕಿದರು. ಹನ್ನೊಂದನೇ ದಿನ ಅಪ್ಪ ಮನೆಗೆ ಬಂದರು.

ದಸರಾ ಮುಗಿದ ಮೇಲೆ ಮೊದಲ ಮನವಿ ಕೊಡಲು ಹೋದಾಗ ನೋಡಿದೆ. ನಮ್ಮ ಆಸ್ಪತ್ರೆಯಲ್ಲೇ ಎಬಿಜಿ ಮಿಷನ್ ಇದೆ! ಕೋವಿಡ್ ಕಾಲದಲ್ಲಿ ಬಂದದ್ದಂತೆ. ಮೇಲೆ ಪ್ಲಾಸ್ಟಿಕ್ ಹೊದಿಕೆ. ಅದರ ಮೇಲೆ ಆಯುಧ ಪೂಜೆಯ ಕುಂಕುಮ, ಒಣಗಿದ ಚೆಂಡು ಹೂವು. ಅಪ್ಪ ಮಲಗಿದ್ದ ಹಾಸಿಗೆಯಿಂದ ಇಪ್ಪತ್ತು ಹೆಜ್ಜೆ ದೂರ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತಾಯಿತು. ಕೇಳಿದರೆ, "ಕಾರ್ಟ್ರಿಡ್ಜ್ ಸಪ್ಲೈ ಇಲ್ಲ, ಇಂಡೆಂಟ್ ಕಳಿಸಿದೀವಿ" ಅಂದರು. ಇಂಡೆಂಟ್ ಅಂದರೆ ಬೇಡಿಕೆ ಪತ್ರ. ನಾಲ್ಕನೇ ಮನವಿಗೂ ಅದೇ ಉತ್ತರ. ಎಷ್ಟು ಮಳೆಗಾಲ ಬೇಕು ಸಾರ್, ಒಂದು ಇಂಡೆಂಟ್ ಬೆಂಗಳೂರು ಮುಟ್ಟೋಕೆ?

ಉಚಿತ ರೋಗಪತ್ತೆ ಯೋಜನೆಯಲ್ಲಿ ಉಪವಿಭಾಗ ಮಟ್ಟದ ಆಸ್ಪತ್ರೆಗೇ 111 ಪರೀಕ್ಷೆ ಅಂತ ಇದೆ. ಸಮಿತಿಯ ಹಣವನ್ನು ಯಾವುದಕ್ಕೆ ಬಳಸಬಹುದು ಅನ್ನೋದೂ ತಮಗೆ ನನಗಿಂತ ಚೆನ್ನಾಗಿ ಗೊತ್ತು. ನ್ಯುಮೋನಿಯಾ ಎಷ್ಟು ತೀವ್ರ ಅಂತ ಅಳೆಯಲು ಡಾಕ್ಟರುಗಳು ಐದು ವಿಷಯ ನೋಡುತ್ತಾರೆ: ಗೊಂದಲ, ರಕ್ತದ ಯೂರಿಯಾ, ನಿಮಿಷಕ್ಕೆ 30 ಮುಟ್ಟಿದ ಉಸಿರು, ಇಳಿದ ಬಿಪಿ, 65 ತುಂಬಿದ ವಯಸ್ಸು. ಇದರಲ್ಲಿ ಯೂರಿಯಾ ಒಂದಕ್ಕೇ ಲ್ಯಾಬ್ ಬೇಕು. ನಮ್ಮ ಲ್ಯಾಬ್ ಸಂಜೆ ನಾಲ್ಕೂವರೆಗೆ ಬಾಗಿಲು ಹಾಕುತ್ತದೆ. ಕಾಯಿಲೆ ನಾಲ್ಕೂವರೆಗೆ ನಿಲ್ಲುತ್ತದೆಯೇ?

ಮತ್ತೆ ಮಳೆ ಹಿಡಿದಿದೆ. ವಾರ್ಡ್ ಈಗಲೇ ತುಂಬಿದೆ. ಹೊಸ ಕಟ್ಟಡ ಬೇಡ, ಫಲಕ ಬೇಡ. ಇರುವ ಮಿಷನ್‌ಗೆ ಕಾರ್ಟ್ರಿಡ್ಜ್ ಕೊಡಿಸಿ. ರಾತ್ರಿಗೆ ಒಬ್ಬರು ಟೆಕ್ನಿಷಿಯನ್ ಕೊಡಿ. ಸಮಿತಿಯ ಮುಂದಿನ ಸಭೆಯ ದಿನ ಐದನೇ ಮನವಿ ಹಿಡಿದು ಬಾಗಿಲಲ್ಲಿ ಇರುತ್ತೇನೆ. ಅಪ್ಪನೂ ಬರುತ್ತಾರೆ.

ಇಂತಿ,
ತಮ್ಮ ಕ್ಷೇತ್ರದ ಒಬ್ಬ ಮತದಾರಳು