ಬಾಯಲ್ಲಿ ಲೀಸು, ಕಾಗದದಲ್ಲಿ ರೆಂಟು

ಚಿಂತಾಮಣಿ
ಬುಧವಾರ ರಾತ್ರಿ

ಮಗಳೇ,

"ಅಪ್ಪಾ, ನಿನಗೆ ಲೀಸಿಗೂ ರೆಂಟಿಗೂ ವ್ಯತ್ಯಾಸ ಗೊತ್ತಿಲ್ಲ, ಸುಮ್ನಿರು" ಅಂದೆಯಲ್ಲ, ಆ ಮಾತು ನಿನ್ನೆಯಿಂದ ಕಿವಿಯಲ್ಲೇ ಇದೆ. ನಾನೂ ಗಂಟಲು ಏರಿಸಿದೆ. ಅಳಿಯಂದಿರು ಪಕ್ಕದಲ್ಲೇ ಇದ್ದರು ಅಂತ ನಿಮ್ಮಮ್ಮ ಆಮೇಲೆ ಹೇಳಿದಳು. ಅವರೆದುರಿಗೆ ಹಾಗೆ ರೇಗಬಾರದಿತ್ತು. ಆದರೆ ಸರಿಯಾಗಿ ವಿಚಾರಿಸದೆ ಆ ಮನೆ ಲೀಸಿಗೆ ಹಿಡಿಯಬೇಡಿ ಅಂದ ವಿಷಯದಲ್ಲಿ ನಾನು ಒಂದಿಂಚೂ ಹಿಂದೆ ಸರಿಯುವುದಿಲ್ಲ.

ಶುಕ್ರವಾರ ಟೋಕನ್ ಅಡ್ವಾನ್ಸ್ ಕೊಡುತ್ತೀರಂತೆ. ಪೋಸ್ಟಿಗೆ ಹಾಕಿದರೆ ಅಷ್ಟರೊಳಗೆ ತಲುಪಲ್ಲ. ನಿನ್ನ ತಮ್ಮನ ಕೈಲಿ ಫೋಟೋ ಹೊಡೆಸಿ ವಾಟ್ಸಾಪಿಗೆ ಹಾಕಿಸುತ್ತೇನೆ. ಫೋನಿನಲ್ಲಿ ಹೇಳಿದರೆ ಮಧ್ಯದಲ್ಲೇ ಬಾಯಿ ಹಾಕುತ್ತೀಯ. ಇಲ್ಲಿ ಅದು ನಡೆಯಲ್ಲ.

ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ ಮೇಜು ಹಾಕಿಕೊಂಡು, ಕ್ರಯಪತ್ರ, ವಿಭಾಗಪತ್ರ, ಭೋಗ್ಯಪತ್ರ ಬರೆದೇ ನಿಮ್ಮಿಬ್ಬರನ್ನೂ ಓದಿಸಿದವನು ನಾನು. ಪಾಠ ಹೇಳಬಾರದು ಅಂದುಕೊಂಡೇ ಪೆನ್ನು ಹಿಡಿದೆ. ಆದರೂ ಇಷ್ಟು ಕೇಳು.

ಇಂಗ್ಲಿಷಿನಲ್ಲಿ ಲೀಸ್ ಬೇರೆ ಥರದ ಮನೆ, ರೆಂಟ್ ಬೇರೆ ಥರದ ಮನೆ ಅಂತ ಏನಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 105ನೇ ಸೆಕ್ಷನ್ ನೋಡು. ಇಷ್ಟು ಕಾಲ ಈ ಸ್ವತ್ತನ್ನು ಅನುಭವಿಸು ಅಂತ ಬಿಟ್ಟುಕೊಡುವ ಹಕ್ಕಿಗೆ ಲೀಸ್ ಅನ್ನುತ್ತಾರೆ. ಅದಕ್ಕಾಗಿ ಆಗಾಗ ಕಟ್ಟುವ ದುಡ್ಡಿಗೆ ರೆಂಟ್ ಅನ್ನುತ್ತಾರೆ. ಹಾಗೆ ನೋಡಿದರೆ ತಿಂಗಳ ಬಾಡಿಗೆಯ ಮನೆಯೂ ಲೀಸೇ. ಬೆಂಗಳೂರಿನವರು ಗೇಟಿಗೆ ‘ಲೀಸ್‌ಗೆ ಮಾತ್ರ’ ಅಂತ ಬೋರ್ಡು ಹಾಕುವುದು ಬೇರೆ ವ್ಯವಹಾರಕ್ಕೆ. ಒಂದೇ ಸಲ ಗಂಟು ಕೊಡು, ಬಾಡಿಗೆ ಬೇಡ, ಖಾಲಿ ಮಾಡುವಾಗ ಗಂಟು ವಾಪಸ್. ಇದು ನಮ್ಮ ಭೋಗ್ಯ ಕಣಮ್ಮ. ಬಡ್ಡಿಗೆ ಬಾಡಿಗೆ ವಜಾ. ಅದೇ ಕಾಯ್ದೆಯ 58ನೇ ಸೆಕ್ಷನ್ನಿನಲ್ಲಿ, ಅಡಮಾನದ ಜೊತೆಗೆ ಇದು ಬರುತ್ತದೆ. ಅಲ್ಲಿಗೆ ನೀನು ಬರೀ ಬಾಡಿಗೆಯವಳಲ್ಲ, ಓನರಿಗೆ ಸಾಲ ಕೊಟ್ಟವಳು.

ನಿಮ್ಮ ತಾತನ ಹಿಪ್ಪುನೇರಳೆ ತೋಟ ಭೋಗ್ಯಕ್ಕೆ ಹೋಗಿತ್ತಲ್ಲ, ಆ ಪತ್ರಕ್ಕೆ ಇಬ್ಬರು ಸಾಕ್ಷಿ, ರಿಜಿಸ್ಟ್ರಾರರ ಮೊಹರು, ಎಲ್ಲ ಇತ್ತು. ದುಡ್ಡು ಕೊಟ್ಟವನ ಹೆಸರು ಇಸಿಯಲ್ಲಿ, ಅಂದರೆ ಸ್ವತ್ತಿನ ಋಣಭಾರ ತೋರಿಸುವ ಪತ್ರದಲ್ಲಿ, ಬಂತು. ನೂರು ರೂಪಾಯಿ ಮುಟ್ಟಿದರೆ ಸಾಕು, ಇಷ್ಟೂ ಆಗಲೇಬೇಕು ಅನ್ನುತ್ತದೆ 59ನೇ ಸೆಕ್ಷನ್. ನೂರು ರೂಪಾಯಿ! ನೀವು ಕೊಡುತ್ತಿರುವುದು 18 ಲಕ್ಷ. ಅದಕ್ಕೆ ಬ್ರೋಕರ್ ಕಳಿಸಿರುವ ಕಾಗದ ನೋಡಿದರೆ 11 ತಿಂಗಳ ರೆಂಟಲ್ ಅಗ್ರಿಮೆಂಟು. ಒಳಗೆಲ್ಲ ಸೆಕ್ಯುರಿಟಿ ಡೆಪಾಸಿಟ್ ಅಂತ ಬರೆದಿದೆ. 11 ತಿಂಗಳೇ ಯಾಕೆ ಗೊತ್ತಾ? ವರ್ಷ ದಾಟಿದರೆ 1908ರ ನೋಂದಣಿ ಕಾಯ್ದೆಯಂತೆ ರಿಜಿಸ್ಟರ್ ಮಾಡಿಸಬೇಕು. ಬಾಯಲ್ಲಿ ಲೀಸು, ಕಾಗದದಲ್ಲಿ ರೆಂಟು, ಕೊಡುವುದು ಭೋಗ್ಯದ ದುಡ್ಡು. ನನಗೆ ವ್ಯತ್ಯಾಸ ಗೊತ್ತಿಲ್ಲ ಅಂತೀಯಲ್ಲ!

ಲೀಸ್ ಮನೆಗೆ ಹೋಗಿ ಕೈ ಸುಟ್ಟುಕೊಂಡ ನಿಮ್ಮ ಸೋದರಮಾವನ ಕಥೆ ನಿನಗೂ ಗೊತ್ತು, ಅದನ್ನೆಲ್ಲ ಮತ್ತೆ ತೆಗೆಯುವುದಿಲ್ಲ. ಆದರೆ ಆವತ್ತು ಪಿಯುಸಿ ಪರೀಕ್ಷೆ ಅಂತ ನೀನು ಇಲ್ಲೇ ಉಳಿದೆ. ನಾನು ಕಂಡದ್ದನ್ನು ನೀನು ಕಂಡಿಲ್ಲ. ಗೇಟಿನ ಕಂಬಕ್ಕೆ ಬ್ಯಾಂಕಿನವರು ನೋಟಿಸ್ ಅಂಟಿಸಿ ಹೋಗಿದ್ದರು. ಅಂಟು ಇನ್ನೂ ಹಸಿ. ಕಾಗದದ ಕೆಳಗಿನ ಮೂಲೆ ಸುರುಟಿಕೊಂಡು ಮೇಲೇಳುತ್ತಿತ್ತು. ನಿಮ್ಮ ಮಾವ ಹೋಗುತ್ತಾ ಬರುತ್ತಾ ಅದನ್ನು ಅಂಗೈಯಲ್ಲಿ ಒತ್ತಿ ಒತ್ತಿ ಕೂರಿಸುತ್ತಿದ್ದ. ತನ್ನನ್ನೇ ಮನೆಯಿಂದ ಎಬ್ಬಿಸುವ ಕಾಗದ ಅದು. ಯಾಕೋ ಅಂದೆ. "ಹರಿದುಹೋದರೆ ನಮ್ಮ ಮೇಲೆ ಬರುತ್ತೆ ಭಾವ" ಅಂದ.

ಒಳಗೆ ನಿಮ್ಮತ್ತೆ ಹುಳಿಗೆ ಒಗ್ಗರಣೆ ಹಾಕುತ್ತಿದ್ದಳು. ಅವಳಿಗಿನ್ನೂ ಹೇಳಿರಲಿಲ್ಲ. ಇಂಥ ನೋಟಿಸನ್ನು ಎರಡು ಪೇಪರಿನಲ್ಲೂ ಹಾಕಿಸಬೇಕು, ಅದರಲ್ಲಿ ಒಂದು ಆ ಊರಿನ ಭಾಷೆಯದು ಅಂತ ನಿಯಮ. ಅವಳ ಕಣ್ಣಿಗೆ ಬೀಳದಿರಲಿ ಅಂತ ಕನ್ನಡ ಪೇಪರನ್ನು ಮಡಿಚಿ ಸ್ಕೂಟರಿನ ಡಿಕ್ಕಿಯಲ್ಲಿಟ್ಟಿದ್ದ. ಗೇಟಿಗೇ ಅಂಟಿಸಿರುವುದನ್ನು ಡಿಕ್ಕಿಯಲ್ಲಿ ಎಷ್ಟು ಹೊತ್ತು ಮುಚ್ಚಿಡುತ್ತಾನೆ, ಪಾಪ. ನನ್ನ ಜೊತೆ ಮಾತಾಡುತ್ತಾ ಮಾತಾಡುತ್ತಾ ಎದ್ದು ಹೋಗಿ ಮತ್ತೆ ಆ ಮೂಲೆ ಒತ್ತಿ ಬಂದ. ಕೈಗೆಲ್ಲ ಅಂಟು. ಅದೇ ಕೈಯಲ್ಲಿ ತನ್ನ ಅಗ್ರಿಮೆಂಟು ತಂದು, "ನೀವು ಓದಿ ಭಾವ, ನಿಮಗೆ ಇವೆಲ್ಲ ಗೊತ್ತಲ್ಲ" ಅಂದ. ಮೇಲೆ ದಪ್ಪಕ್ಷರದಲ್ಲಿ ಲೀಸ್ ಅಂತಿತ್ತು. ಒಳಗೆ 11 ತಿಂಗಳು, ಡೆಪಾಸಿಟ್ಟು. ರಿಜಿಸ್ಟರ್ ಆಗಿರಲಿಲ್ಲ. ಏನು ಓದಿ ಹೇಳಲಿ?

ಅವನು ಆ ಮನೆಗೆ ಹೋಗುವ ಮೊದಲೇ ಓನರ್ ಮನೆಪತ್ರ ಬ್ಯಾಂಕಿನಲ್ಲಿಟ್ಟು ಸಾಲ ಎತ್ತಿದ್ದ. ಕಂತು ನಿಂತಿತ್ತು. 2002ರ ಸರ್ಫೇಸಿ ಕಾಯ್ದೆ ಬಂದಮೇಲೆ ಬ್ಯಾಂಕಿನವರು ಅದಕ್ಕೆ ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಿ ಕಾಯಬೇಕಿಲ್ಲ. 60 ದಿನದ ನೋಟಿಸ್ ಕೊಡುತ್ತಾರೆ, ಅದೂ ಸಾಲಗಾರನಿಗೆ. ಒಳಗಿರುವವರಿಗೆ ಗೊತ್ತಾಗುವುದು ಗೇಟಿಗೆ ಕಾಗದ ಬಿದ್ದಮೇಲೆ. ಆ 60 ದಿನವೂ ಓನರ್ ಎದುರು ಸಿಕ್ಕಾಗ ನಗುನಗುತ್ತಾ "ಊಟ ಆಯ್ತಾ" ಅಂತಿದ್ದನಂತೆ. ಅಡಮಾನ ಇಟ್ಟ ಮನೆಯನ್ನು ಓನರ್ ತಾನಾಗಿ ಲೀಸಿಗೆ ಕೊಟ್ಟರೆ ಮೂರು ವರ್ಷ ಮೀರಬಾರದು, ಗಂಟು ತೆಗೆದುಕೊಳ್ಳಬಾರದು, ಬಾಡಿಗೆ ಮುಂಗಡವೂ ಕೂಡದು ಅನ್ನುತ್ತದೆ ಸ್ವತ್ತು ವರ್ಗಾವಣೆ ಕಾಯ್ದೆಯ 65ಎ ಸೆಕ್ಷನ್. ಮಾವ ಕೊಟ್ಟದ್ದೇ ಗಂಟು. ಸೈಟು ಮಾರಿದ ದುಡ್ಡು. ನೀನು ಮಗು ಎತ್ತಿಕೊಂಡು ಅಂಥ ಗೇಟಿನ ಮುಂದೆ ನಿಂತಿರುವುದು ನಿನ್ನೆ ರಾತ್ರಿಯೆಲ್ಲ ಕಣ್ಣಿಗೆ ಕಟ್ಟುತ್ತಿತ್ತು. ನಿದ್ದೆ ಬರಲಿಲ್ಲ.

ಹಾಗಂತ ಲೀಸಿಗೆ ಹೋದವರೆಲ್ಲ ಮುಳುಗಿಲ್ಲ, ಗೊತ್ತು. 22 ಸಾವಿರ ಬಾಡಿಗೆ ತಿಂಗಳು ತಿಂಗಳು ಉಳಿಯುತ್ತದೆ ಅನ್ನುವ ನಿನ್ನ ಲೆಕ್ಕವೂ ತಪ್ಪಲ್ಲ. ನಿನ್ನ ವಯಸ್ಸಿನಲ್ಲಿ ನನ್ನ ಹತ್ತಿರ 18 ಸಾವಿರವೂ ಇರಲಿಲ್ಲ. ಮಗಳು ಇಷ್ಟು ದುಡ್ಡು ಕೂಡಿಟ್ಟಿದ್ದಾಳೆ ಅಂತ ಆಫೀಸಿನ ಮುಂದೆ ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ದೇನೆ. ನಿನಗೆ ಹೇಳಿರಲಿಲ್ಲ ಅಷ್ಟೆ. ಕಡಿಮೆ ಬಿದ್ದ ಮೂರು ಲಕ್ಷಕ್ಕೆ ಅಮ್ಮ ಕೊಟ್ಟ ಕಾಸಿನ ಸರ ಅಡ ಇಡುತ್ತೇನೆ ಅಂದೆಯಲ್ಲ, ನನಗೆ ತಡೆಯಲಾಗದೆ ಹೋದದ್ದು ಅಲ್ಲಿ. ನಿಮ್ಮಮ್ಮನಿಗೆ ಇದನ್ನು ಹೇಳಿಲ್ಲ. ನೀನೂ ಹೇಳಬೇಡ.

ಈಗ ಮಾಡಬೇಕಾದ್ದು. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ ಆ ಮನೆಯ ಇಸಿ ಎಷ್ಟು ವರ್ಷದ್ದು ಸಿಗುತ್ತದೋ ಅಷ್ಟೂ ತೆಗೆಸು. ಇಸಿ ಖಾಲಿ ಬಂತು ಅಂತ ಕುಣಿಯಬೇಡ. ಪತ್ರ ಒಯ್ದು ಬ್ಯಾಂಕಿನಲ್ಲಿಟ್ಟು, ಅದನ್ನು ರಿಜಿಸ್ಟರ್ ಮಾಡಿಸದಿದ್ದರೆ ಇಸಿಯಲ್ಲಿ ಕಾಣದೇ ಹೋಗಬಹುದು. ಅದಕ್ಕೇ ಮೂಲಪತ್ರ ಕಣ್ಣಾರೆ ನೋಡಬೇಕು, ಜೆರಾಕ್ಸ್ ಆಗಲ್ಲ. "ಲಾಕರಿನಲ್ಲಿದೆ, ಆಮೇಲೆ ತೋರಿಸ್ತೀನಿ" ಅಂದರೆ ನಕ್ಕು ಎದ್ದು ಬಾ. ಬ್ಯಾಂಕುಗಳು ಅಡಮಾನ ದಾಖಲಿಸುವ ಸರ್ಸಾಯ್ ಅಂತ ಒಂದು ಕೇಂದ್ರ ನೋಂದಣಿ 2011ರಿಂದ ಇದೆ, ಫೀ ಕಟ್ಟಿ ಅಲ್ಲೂ ಹುಡುಕಬಹುದು. ಅಳಿಯಂದಿರಿಗೆ ಕಂಪ್ಯೂಟರ್ ಕೆಲಸ ಚೆನ್ನಾಗಿ ಬರುತ್ತದೆ, ಅವರಿಗೆ ಹೇಳು. ಸಾಲ ಇದ್ದರೆ ನೀನು ಆಮೇಲೆ ರಿಜಿಸ್ಟರ್ ಮಾಡಿಸಿದರೂ ಬ್ಯಾಂಕೇ ಮುಂದೆ, ನೀನು ಹಿಂದೆ.

ಸಾಲ ಇಲ್ಲ, ಭೋಗ್ಯಪತ್ರ ರಿಜಿಸ್ಟರ್ ಮಾಡಿಕೊಡುತ್ತೇನೆ ಅಂತ ಓನರ್ ಒಪ್ಪಿದರೆ ಮೊದಲ ಬಸ್ಸಿಗೇ ಬರುತ್ತೇನೆ, ನಾನೇ ಕೂತು ಬರೆಯುತ್ತೇನೆ. ಸ್ಟ್ಯಾಂಪ್ ಡ್ಯೂಟಿ ಜಾಸ್ತಿ ಅಂತ ಕೊಸರಾಡಬೇಡಿ. ಒಪ್ಪದಿದ್ದರೆ ಬಾಡಿಗೆ ಮನೆಯಲ್ಲೇ ಇರಿ. ಬಾಡಿಗೆ ಮನೆಯ ಅಡ್ವಾನ್ಸಿಗೆ ಕಡಿಮೆ ಬಿದ್ದರೆ ನಾನು ಹಾಕುತ್ತೇನೆ. ಸರ ಮಾತ್ರ ಕೊರಳಲ್ಲೇ ಇರಲಿ.

ಸಿಟ್ಟು ಇಳಿಯದಿದ್ದರೆ ಫೋನ್ ಮಾಡಬೇಡ, ಇಸಿಯ ಫೋಟೋ ಮಾತ್ರ ಕಳಿಸು. ಎಲ್ಲ ಪುಟವೂ ಬರಲಿ. ಹೋದಸಲ ಕೊನೆಯ ಪುಟ ಬಿಟ್ಟಿದ್ದೆ.

ಇಂತಿ,
ನಿನ್ನ ಅಪ್ಪ