ಕಮಾನು ಆಮೇಲೆ, ಮೊದಲು ಮೋರಿ ಸರಿ ಮಾಡಿಸಿಕೊಡಿ

ಗೆ,
ಮಾನ್ಯ ಆಯುಕ್ತರು,
ನಗರ ಪಾಲಿಕೆ, ಬೆಂಗಳೂರು

ಇಂದ,
ಬಡಾವಣೆಯ ನಿವಾಸಿಗಳು ಮತ್ತು ಮಾರುಕಟ್ಟೆ ರಸ್ತೆಯ ಅಂಗಡಿಯವರು

ವಿಷಯ: ಈ ಸಲದ ವಾರ್ಡ್ ಅನುದಾನವನ್ನು ಮೋರಿ ಮತ್ತು ಮಾರುಕಟ್ಟೆ ರಸ್ತೆಗೆ ಬಳಸುವ ಬಗ್ಗೆ.

ಮಾನ್ಯರೇ,

2025ರ ಸೆಪ್ಟೆಂಬರಿನಲ್ಲಿ ಊರಿಗೆ ಐದು ಪಾಲಿಕೆಗಳಾದವು. ಹೊಸ ಬಜೆಟ್‌ಗೆ ಕಾಮಗಾರಿ ಪಟ್ಟಿ ಮಾಡುತ್ತಿದ್ದಾರೆ ಎಂದು ಕೇಳಿದೆವು. ಪಟ್ಟಿಯಲ್ಲಿ ನಮ್ಮ ಪಾಲಿಗೆ ಸ್ವಾಗತ ಕಮಾನು, ಪಾರ್ಕಿಗೆ ಕಾರಂಜಿ, ಅಡ್ಡರಸ್ತೆಗಳಿಗೆ ಮತ್ತೊಂದು ಪದರ ಡಾಂಬರು ಇವೆಯಂತೆ. ದಯವಿಟ್ಟು ಮೂರನ್ನೂ ಸದ್ಯಕ್ಕೆ ಬಿಡಿ. ಕಮಾನು ನೋಡಿ ಮಳೆ ವಾಪಸ್ ಹೋಗುವುದಿಲ್ಲ ಅಲ್ವಾ?

ಡಾಂಬರು ಯಾಕೆ ಬೇಡ ಎಂದು ಹೇಳಲೇಬೇಕು. ಹಳೆಯದನ್ನು ಕೆರೆದು ತೆಗೆಯದೆ ಅದರ ಮೇಲೇ ಹಾಕುತ್ತಾ ಬಂದಿದ್ದಾರೆ. ಮೂರನೇ ಅಡ್ಡರಸ್ತೆಯ ಮೂಲೆ ಮನೆಗೆ ಹಿಂದೆ ಎರಡು ಮೆಟ್ಟಿಲು ಹತ್ತಬೇಕಿತ್ತು. ಈಗ ಗೇಟು ದಾಟಿ ಒಂದು ಮೆಟ್ಟಿಲು ಇಳಿಯಬೇಕು. ಮೇ ತಿಂಗಳು ಬಂತೆಂದರೆ ಅವರು ಬಾಗಿಲಿಗೆ ಅರ್ಧ ಅಡಿ ಇಟ್ಟಿಗೆ ಕಟ್ಟುತ್ತಾರೆ, ದೀಪಾವಳಿ ಕಳೆದ ಮೇಲೆ ಒಡೆಯುತ್ತಾರೆ. ಫ್ರಿಜ್ಜು ವರ್ಷವಿಡೀ ನಾಲ್ಕು ಸಿಮೆಂಟ್ ಬ್ಲಾಕುಗಳ ಮೇಲೆ ನಿಂತಿರುತ್ತದೆ. ಕೆಳಗಿನ ಸಾಲಿನ ಮನೆಗಳಲ್ಲಿ ಮೋರಿ ನೀರು ಸಂಪಿಗೇ ನುಗ್ಗುತ್ತದೆ. ಮರುದಿನ ಸಂಪು ತೊಳೆಯುವವರನ್ನು ಹುಡುಕಬೇಕು, ಆಮೇಲೆ ಟ್ಯಾಂಕರಿಗೆ ದುಡ್ಡು.

ನಿಜವಾದ ತೊಂದರೆ ಇರುವುದು ಮಾರುಕಟ್ಟೆ ರಸ್ತೆ ಕೆಳಗಿನ ಕಲ್ವರ್ಟ್‌ನಲ್ಲಿ. ಅದರ ಬಾಯಿಗೆ ಅಡ್ಡವಾಗಿ ಒಂದು ನೀರಿನ ಪೈಪು, ಒಂದಷ್ಟು ಕೇಬಲ್ಲು ಹೋಗಿವೆ. ಎಳನೀರು ಬುರುಡೆ, ಪ್ಲಾಸ್ಟಿಕ್ ಚೀಲ ಎಲ್ಲ ಅಲ್ಲೇ ಸಿಕ್ಕಿಕೊಳ್ಳುತ್ತವೆ. ಕಳೆದ ಮಳೆಗಾಲದಲ್ಲಿ ಒಂದು ಹಾಸಿಗೆ ಸಿಕ್ಕಿಕೊಂಡಿತ್ತು. ನಮ್ಮ ಹುಡುಗರು ಹಗ್ಗ ಕಟ್ಟಿ ಎಳೆದರು. ಹತ್ತೇ ನಿಮಿಷಕ್ಕೆ ಮೊಣಕಾಲುದ್ದದ ನೀರು ಪಾದಕ್ಕಿಳಿಯಿತು. ಅಂದರೆ ಮುಂದಿನ ರಾಜಕಾಲುವೆಯಲ್ಲಿ ಜಾಗ ಇತ್ತು. ನೀರಿಗೆ ಅಲ್ಲಿಯವರೆಗೆ ಹೋಗಲು ದಾರಿ ಇರಲಿಲ್ಲ ಅಷ್ಟೆ.

ಹೆಬ್ಬಾಳ ಕಣಿವೆಯ ಕೆರೆಗಳು ಒಂದು ಕೋಡಿ ಬಿದ್ದರೆ ಇನ್ನೊಂದು ತುಂಬುವ ಹಾಗೆ ಇದ್ದವು. ನಾಗವಾರ, ಕಲ್ಕೆರೆ, ಎಲೆಮಲ್ಲಪ್ಪ ಶೆಟ್ಟಿ ಕೆರೆ, ಅಲ್ಲಿಂದ ದಕ್ಷಿಣ ಪಿನಾಕಿನಿ. ಇಂಥ ದಾರಿ ಮುಚ್ಚಿದರೆ ಏನಾಗುತ್ತದೆ ಎಂದು 2022ರ ಸೆಪ್ಟೆಂಬರಿನಲ್ಲಿ ಒಂದೇ ದಿನ 131.6 ಮಿ.ಮೀ. ಮಳೆ ಬಿದ್ದಾಗ ಇಡೀ ಊರು ನೋಡಿದೆ. ದೊಡ್ಡ ರಾಜಕಾಲುವೆಗೆ ತಡೆಗೋಡೆ ಕಟ್ಟುವುದು ಸಂತೋಷವೇ. ಅದಕ್ಕೆ ನೀರು ತಲುಪಿಸುವ ಸಣ್ಣ ಮೋರಿಗಳ ಕಡೆಗೂ ಸ್ವಲ್ಪ ನೋಡಿ.

ಹಾಗಾಗಿ ಕಲ್ವರ್ಟ್ ಅಗಲ ಮಾಡಿಸಿ, ಪೈಪು ಮತ್ತು ಕೇಬಲ್ಲು ಬೇರೆ ಕಡೆಯಿಂದ ಹಾಯಿಸಿ. ತೆಗೆದ ಹೂಳನ್ನು ಅದೇ ದಿನ ಲಾರಿಗೆ ತುಂಬಿಸಿ. ದಂಡೆ ಮೇಲೆ ಬಿಟ್ಟರೆ ಮುಂದಿನ ಮಳೆಗೆ ಮೋರಿಗೇ ವಾಪಸ್ ಬರುತ್ತದೆ. ಒಂದೇ ಹೂಳಿಗೆ ಎರಡು ಸಲ ಬಿಲ್ಲು!

ಮಾರುಕಟ್ಟೆ ರಸ್ತೆಯೂ ಇದರ ಜೊತೆಗೇ ಉಳಿಯಬೇಕು. ಮಳೆಗಾಲದಲ್ಲಿ ಗಿರಾಕಿಗಳು ಬರುವುದಿಲ್ಲ, ಎರಡು ಅಂಗಡಿ ಆಗಲೇ ಬಾಗಿಲು ಹಾಕಿವೆ. ಮೋರಿಗೆ ಎತ್ತಿ ತೆಗೆಯಲು ಬರುವಂಥ ಗಟ್ಟಿ ಚಪ್ಪಡಿ, ಬಸ್ ಸ್ಟಾಪ್ ಹತ್ತಿರ ಎರಡು ದೀಪದ ಕಂಬ, ಇಷ್ಟಾದರೆ ಸಾಕು. ಸೊಪ್ಪು, ಹೂವು ಮಾರುವವರನ್ನು ಮಾತ್ರ ಎಬ್ಬಿಸಬೇಡಿ. ಜನ ಆ ರಸ್ತೆಗೆ ಬರುವುದೇ ಅವರಿಗಾಗಿ.

ನಮ್ಮ ತಪ್ಪೂ ಇದೆ. 60×40 ಸೈಟಿನ ಮನೆಗಳಿಗೆ ಮಳೆನೀರು ಕೊಯ್ಲು ಕಡ್ಡಾಯವೆಂದು 2009ರಲ್ಲೇ ಕಾನೂನಾಗಿದೆ. ನಮ್ಮಲ್ಲಿ ಕೆಲವು ಮನೆಗಳ ಪೈಪು ಸುಮ್ನೆ ಹೆಸರಿಗಿದೆ, ತಾರಸಿ ನೀರೆಲ್ಲ ಮೋರಿಗೆ. ಮನೆ ಮನೆಗೆ ಹೋಗಿ ಅದನ್ನು ನಾವೇ ಸರಿ ಮಾಡಿಸುತ್ತೇವೆ. ಪಾರ್ಕಿನಲ್ಲಿ ಕಾರಂಜಿಯ ಜಾಗಕ್ಕೆ ಇಂಗುಗುಂಡಿ ತೋಡಿಸಿಕೊಡಿ.

ಇನ್ನೊಂದು ಮಾತು. ಸ್ಥಳ ಪರಿಶೀಲನೆಗೆ ಎಂಜಿನಿಯರ್ ಅವರನ್ನು ಬಿಸಿಲಿನ ದಿನ ಕಳಿಸಬೇಡಿ. ಮಳೆ ಹಿಡಿದ ಸಂಜೆ ಕಳಿಸಿ. ಗಮ್‌ಬೂಟು ನಾವೇ ಕೊಡುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಬಡಾವಣೆಯ ನಿವಾಸಿಗಳು
(ಸಹಿ ಹಾಳೆಗಳನ್ನು ಲಗತ್ತಿಸಿದೆ)